ಭಾಗ ಮೂರು ಬಂದ ಕೂಡಲೇ ತಿಳಿಸುವುದು

ಗ್ರಂಥಾಲಯದ ನೌಕರಿ ಎಂದರೆ ಫ್ಯಾನಿನ ಕೆಳಗೆ ಕೂತು ದಿನವಿಡೀ ಪುಸ್ತಕ ಓದುವುದು ಎಂದುಕೊಂಡು ಈ ಕೆಲಸಕ್ಕೆ ಬರುವವರಿದ್ದರೆ ಈಗಲೇ ಹೇಳಿಬಿಡುತ್ತೇನೆ: ನನ್ನ ಸೇವಾವಧಿಯಲ್ಲಿ ನಾನು ಓದಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಧೂಳು ಒರೆಸಿದ್ದೇನೆ, ಮಳೆ ಸೋರಿದ ಕಪಾಟು ಒರೆಸಿದ್ದೇನೆ, ಓದುಗರು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ 'ಐ ಲವ್ ಯೂ'ಗಳನ್ನು ರಬ್ಬರ್ ಹಾಕಿ ಉಜ್ಜಿ ಉಜ್ಜಿ ಒರೆಸಿದ್ದೇನೆ. ನಂಜನಗೂಡಿನಲ್ಲಿ ನಾನು ಹಿಂದೆ ಕೂರುತ್ತಿದ್ದ ಕುರ್ಚಿಗೆ ಹೊಸದಾಗಿ ಬಂದಿರುವ ಹುಡುಗಿ ಕಳೆದ ತಿಂಗಳು ಫೋನ್ ಮಾಡಿ, "ಮೇಡಂ, ನಿಮ್ಮ ಅನುಭವ ಒಂದಿಷ್ಟು ಬರ್ದುಕೊಡಿ, ನಮಗೆ ದಾರಿ ಆಗುತ್ತೆ" ಎಂದಳು. ದಾರಿ ತೋರಿಸುವಷ್ಟು ದೊಡ್ಡವಳಲ್ಲ ನಾನು. ಎಲ್ಲೆಲ್ಲಿ ಎಡವಿದೆ ಎಂದು ಹೇಳಬಲ್ಲೆ, ಅಷ್ಟೆ.

ಮೊದಲ ಎಡವಟ್ಟು ತಿರುಮಕೂಡಲು ನರಸೀಪುರದಲ್ಲಿ. ಅದೇ ನನ್ನ ಮೊದಲ ಊರು. ಹಳೆಯ ಕಟ್ಟಡದ ಒಂದೂವರೆ ಕೋಣೆ, ಎರಡು ಬೆಂಚು, ಗೋಡೆಗೆ ಒರಗಿಸದಿದ್ದರೆ ನಿಲ್ಲದ ನಾಲ್ಕು ಕಪಾಟು. ಆಗ ಊರಿಗೆ ಊರೇ ಪತ್ತೇದಾರಿ ಕಾದಂಬರಿಗೆ ಮುಗಿಬೀಳುತ್ತಿದ್ದ ಕಾಲ. ಒಂದು ಪುಸ್ತಕದ ಕೊನೆಯ ಎರಡು ಹಾಳೆಯನ್ನು ಯಾರೋ ಪುಣ್ಯಾತ್ಮರು ಹರಿದುಕೊಂಡು ಹೋಗಿದ್ದರು. ಓದಿದವರೆಲ್ಲ ಬಂದು ನನ್ನ ಮುಂದೆ ಕಿರುಚುವವರೇ: "ಕೊಲೆ ಮಾಡ್ದೋನು ಯಾರು ಮೇಡಂ?" ನಾನು ಓದಿರಲಿಲ್ಲ. ಬನ್ನೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು, ಆ ಕಾದಂಬರಿ ತಾನು ಓದಿರುವುದಾಗಿ ಹೇಳಿ ಕೊನೆಯನ್ನು ವಿವರವಾಗಿ ಬಣ್ಣಿಸಿದರು. ನಾನು ಅದನ್ನು ಮುದ್ದಾಗಿ ಎರಡು ಹಾಳೆಯ ಮೇಲೆ ಬರೆದು, ಅಂಟು ಹಚ್ಚಿ ಸೇರಿಸಿದೆ. ಎಲ್ಲರಿಗೂ ಸಮಾಧಾನವಾಯಿತು.

ವರ್ಷದ ಮೇಲೆ ಅದೇ ಪುಸ್ತಕದ ಇನ್ನೊಂದು ಪ್ರತಿ ಬಂತು. ನೋಡಿದರೆ ಕೊಲೆಗಾರನೇ ಬೇರೆ! ಮೇಷ್ಟ್ರನ್ನು ಹಿಡಿದು ಕೇಳಿದೆ. ಅವರು ಒಂದಿಷ್ಟೂ ನಾಚದೆ, "ಬರ್ದೋನು ಮುಗಿಸಿದ ರೀತಿ ನಂಗೆ ಹಿಡಿಸಲಿಲ್ಲ ಕಣಮ್ಮ. ಅದಕ್ಕೆ ನಂಗೆ ಹ್ಯಾಗೆ ಸರಿ ಕಂಡಿತೋ ಹಾಗೆ ಹೇಳ್ದೆ" ಎಂದರು. ಅಂದೇ ಆಣೆ ಮಾಡಿಕೊಂಡೆ: ಇನ್ನೊಬ್ಬರ ಕಥೆಯ ಕೊನೆಯನ್ನು ನಾನು ಬರೆಯುವುದಿಲ್ಲ, ಹೇಳುವುದೂ ಇಲ್ಲ. ಈ ಆಣೆಯನ್ನು ಇವತ್ತಿಗೂ ಮುರಿದಿಲ್ಲ.

ಆಮೇಲೆ ನಂಜನಗೂಡಿಗೆ ವರ್ಗವಾಯಿತು. ಅಲ್ಲಿ ಸಿದ್ದಯ್ಯ ಇದ್ದರು. ಹೆಸರಿಗೆ ಅಟೆಂಡರ್, ನನಗಿಂತ ಹತ್ತು ವರ್ಷ ಹಿರಿಯರು. ಬಾಗಿಲು ತೆಗೆಯುವವರು, ಪುಸ್ತಕ ಜೋಡಿಸುವವರು, ಕೊಡುವವರು, ನನ್ನನ್ನು ಗದರುವವರು ಎಲ್ಲ ಅವರೇ. ಪುಸ್ತಕ ಕೊಡುವ ಕ್ರಮ ಈಗಿನವರಿಗೆ ಗೊತ್ತಿರಲಾರದು. ಪ್ರತಿ ಪುಸ್ತಕದ ಹಿಂಬದಿಯ ರಟ್ಟಿನೊಳಗೆ ಅದರ ಹೆಸರು ಬರೆದ ಒಂದು ಕಾರ್ಡು ಇರುತ್ತಿತ್ತು. ಓದುಗರ ಬಳಿ ಪುಟ್ಟ ಜೇಬಿನಂಥ ಒಂದು ಟಿಕೆಟ್ಟು. ಕಾರ್ಡನ್ನು ಟಿಕೆಟ್ಟಿನ ಜೇಬಿಗೆ ತೂರಿಸಿ ನಮ್ಮ ಟ್ರೇಯಲ್ಲಿ ಇಟ್ಟುಕೊಂಡರೆ ಯಾವ ಪುಸ್ತಕ ಯಾರ ಮನೆಯಲ್ಲಿದೆ ಎಂದು ಲೆಕ್ಕ ಸಿಕ್ಕಿತು. ಹಿಂದಿನ ರಟ್ಟು ಬಿಟ್ಟು ಪುಸ್ತಕದ ಬೇರೆ ಯಾವ ಪುಟವನ್ನೂ ತೆರೆಯಬೇಕಾಗಿರಲಿಲ್ಲ. ನನ್ನ ಎರಡನೆಯ ಎಡವಟ್ಟು ನಡೆಯಲು ಇದೂ ಒಂದು ಕಾರಣ.

ಆ ಹೊತ್ತಿಗೆ ಪತ್ತೇದಾರಿ ಕಾಲ ಮುಗಿದು ಹೊಸ ಗಾಳಿ ಬೀಸುತ್ತಿತ್ತು. ಮೈಸೂರಿನ ಒಂದು ಮನೆಯವರು ಊರು ಬಿಡುವಾಗ ಎರಡು ಪೆಟ್ಟಿಗೆ ಇಂಗ್ಲಿಷ್ ಕಾದಂಬರಿ ದಾನ ಕೊಟ್ಟರು. ಕಪ್ಪು ಮುಖಪುಟ, ಮೇಲೆ ಚಂದ್ರ, ಬಿಳಿಚಿಕೊಂಡ ಹುಡುಗ, ಅವನನ್ನೇ ನೋಡುತ್ತಿರುವ ಕಾಲೇಜು ಹುಡುಗಿ. ದೊಡ್ಡ ಊರಿನ ಬೀದಿಯಲ್ಲಿ ಕಣ್ಣಿಗೆ ಕಾಣದ ಜೀವಗಳು ಓಡಾಡುತ್ತವೆ, ಅವುಗಳಲ್ಲಿ ಒಂದು ಈ ಹುಡುಗಿಯನ್ನು ಪ್ರೀತಿಸುತ್ತದೆ, ಪ್ರತಿ ಅಧ್ಯಾಯದ ಕೊನೆಗೆ ಒಬ್ಬರ ಪ್ರಾಣ ತೂಗಾಡುತ್ತದೆ. ಪಿಯುಸಿ ಹುಡುಗಿಯರು ಈ ಪುಸ್ತಕಗಳಿಗೆ ಇರುವೆ ಮುತ್ತಿದ ಹಾಗೆ ಮುತ್ತಿದರು. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದರು. ಕನ್ನಡದಲ್ಲಿ ಇಂಥದ್ದು ಯಾಕಿಲ್ಲ ಎಂದು ನನ್ನನ್ನೇ ದಬಾಯಿಸಿದರು.

ನನಗೋ ಒಳ್ಳೆಯ ಸಾಹಿತ್ಯದ ಗರ್ವ. ಈ ಕಸವನ್ನು ಕಪಾಟಿನಿಂದ ತೆಗೆಯಲೇಬೇಕು ಎಂದು, ತೆಗೆಯುವ ಮುಂಚೆ ಕಾರಣ ಬರೆಯಬೇಕಲ್ಲ ಎಂದು, ಒಂದನ್ನು ಓದಲು ಕೂತೆ. ಸಂಜೆ ಸಿದ್ದಯ್ಯ ಬೀಗ ಹಿಡಿದು ಬಾಗಿಲಲ್ಲಿ ನಿಂತು ಮೂರು ಸಲ ಕೆಮ್ಮಿದರಂತೆ, ನನಗೆ ಕೇಳಿಸಲಿಲ್ಲ. ಕೊನೆಗೆ, "ಏನ್ ಮೇಡಂ, ಆ ದೆವ್ವ ಬುಟ್ಟಂಗೆ ಕಾಣಾಕಿಲ್ಲ. ಮನ್ಗೋಗದಿಲ್ವಾ?" ಎಂದರು. ಮರುದಿನ ಪುಸ್ತಕಗಳನ್ನು ಕಪಾಟಿನ ಕೆಳಸಾಲಿನಿಂದ ಮೇಲಿನ ಸಾಲಿಗೆ ಜರುಗಿಸಿದೆ. ಯಾಕೆಂದು ಸಿದ್ದಯ್ಯ ಕೇಳಲಿಲ್ಲ.

ಆ ಓದುಗಿಯರಲ್ಲಿ ಒಬ್ಬಳು ಗೌತಮಿ. ದೇವನೂರಿನ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುತ್ತಿದ್ದಳು. ಮಾತು ಕಡಿಮೆ. ಬಸ್ಸಿನಲ್ಲಿ ಆ ಮುಖಪುಟಗಳನ್ನು ಯಾರಾದರೂ ನೋಡಿಯಾರು ಎಂದು ನಮ್ಮ ಪುಸ್ತಕಕ್ಕೆಲ್ಲ ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಕೊಂಡು ಓದುವಳು, ಹಾಕಿದ ರಟ್ಟಿನ ಸಮೇತ ಹಿಂತಿರುಗಿಸುವಳು. ಬಿಳಿಯ ಬೆನ್ನು ಹೊರಗೆ, ದಿನಾಂಕಗಳು ಒಳಗೆ.

ಅಷ್ಟರಲ್ಲಿ ತಪಾಸಣೆಗೆ ಮೇಲಧಿಕಾರಿ ಬರುತ್ತಾರೆಂದೂ ಅಷ್ಟರೊಳಗೆ ದಾನ ಬಂದ ಪುಸ್ತಕಗಳೆಲ್ಲ ದಾಖಲೆ ಪುಸ್ತಕಕ್ಕೆ ಏರಿರಬೇಕೆಂದೂ ಪತ್ರ ಬಂತು. ನಾನೂ ಸಿದ್ದಯ್ಯನೂ ನಮ್ಮ ಎಂದಿನ ರೀತಿಯಲ್ಲಿ ಕೂತೆವು. ಅವರು ರಾಶಿಯಿಂದ ಒಂದೊಂದೇ ಎತ್ತಿ ಮೊದಲ ಪುಟದ ಹೆಸರು ಓದಿ ಹೇಳುವುದು, ನಾನು ತಲೆ ಎತ್ತದೆ ಬರೆದು ನಂಬರ್ ಹೇಳುವುದು, ಅವರು ಮುದ್ರೆ ಒತ್ತಿ ಹಿಂಬದಿಗೆ ಕಾರ್ಡು ಸಿಕ್ಕಿಸಿ ಪಕ್ಕಕ್ಕಿಡುವುದು.

"ಕಾಣದ ನದಿಯ ಹುಡುಗ. ಕಾದಂಬರಿ, ಭಾಗ ಒಂದು. ಬರ್ದೋರ್ ಹೆಸ್ರಿಲ್ಲ ಮೇಡಂ."

"ಅನಾಮಿಕ ಅಂತ ಹಾಕ್ತೀನಿ. ಮುಂದಿನದು ಹೇಳಿ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಯಿತು ನನ್ನ ಕೆಲಸ. ಅದು ಪುಸ್ತಕವಲ್ಲ, ಇನ್ನೂರು ಪುಟದ ಒಂದು ನೋಟ್ ಬುಕ್ಕು. ಗೌತಮಿ ಹಿಂತಿರುಗಿಸಿದ ಪುಸ್ತಕಗಳ ನಡುವೆ ಅವಳಿಗೇ ತಿಳಿಯದೆ ಸೇರಿಕೊಂಡಿತ್ತು. ಅದೇ ಕ್ಯಾಲೆಂಡರ್ ರಟ್ಟು, ಒಳಗೆ ಅಚ್ಚಿನಂಥ ದುಂಡು ಅಕ್ಷರ. ನಂಬರ್ ಇಲ್ಲದ್ದನ್ನು ಕಂಡು ಸಿದ್ದಯ್ಯ ದಾನದ ರಾಶಿಗೆ ಹಾಕಿದ್ದರು. ಅವರ ಕನ್ನಡಕ ಮುರಿದು ಆಗಲೇ ವಾರವಾಗಿತ್ತು. ನೋಟ್ ಬುಕ್ಕು ನಂಬರ್ ಹಾಕಿಸಿಕೊಂಡು ಕನ್ನಡ ಕಾದಂಬರಿಗಳ ಸಾಲಿನಲ್ಲಿ ಹೋಗಿ ನಿಂತಿತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೌತಮಿ ಓಡುತ್ತ ಬಂದಳು.

"ಮೇಡಂ, ನನ್ದೊಂದು ನೋಟ್ ಬುಕ್ ಬಸ್ಸಲ್ಲಿ ಹೋಯ್ತು ಅನ್ಕೊಂಡಿದ್ದೆ. ಈಗ ಕ್ಲಾಸಲ್ಲಿ ಇಬ್ರು ಅದ್ರಲ್ಲಿರೋ ಕಥೆನೇ ಮಾತಾಡ್ಕೊತಿದ್ರು. ಕೇಳಿದ್ರೆ ಲೈಬ್ರರಿ ಪುಸ್ತಕ ಅಂತಾರೆ!"

ಹೆಸರು ಕೇಳಿದೆ. ಹೇಳಿದಳು. ದಾಖಲೆ ಪುಸ್ತಕ ತೆರೆದೆ. ನನ್ನ ಕೈಬರಹದಲ್ಲೇ 'ಅನಾಮಿಕ' ಎಂದಿತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಕಪಾಟಿನಲ್ಲಿ ನೋಡಿದರೆ ಇಲ್ಲ. ಯಾರೋ ತೆಗೆದುಕೊಂಡು ಹೋಗಿದ್ದರು.

"ಅದ್ರಲ್ಲಿರೋ ಹುಡುಗಿ ನಾನೇ ಅಂತ ಯಾರಿಗಾದ್ರೂ ಗೊತ್ತಾಗುತ್ತೆ ಮೇಡಂ. ನಮ್ಮೂರ್ ಬಸ್ಸು, ನಾನ್ ಕೂರೋ ಸೀಟು, ಎಲ್ಲ ಬರ್ದಿದ್ದೀನಿ. ನಮ್ಮಪ್ಪಂಗೆ ತಿಳಿದ್ರೆ ಕಾಲೇಜ್ ಬಿಡಿಸ್ಬಿಡ್ತಾರೆ. ನಮ್ ಬೀದಿಲಿ ಒಬ್ಳನ್ನ ಒಂದು ಕಾಗದ ಸಿಕ್ತು ಅಂತ ಬಿಡಿಸಿದ್ರು. ಇದು ಇನ್ನೂರು ಪುಟ ಮೇಡಂ!"

ಟ್ರೇಯಲ್ಲಿ ಹುಡುಕಿದೆ. ನೋಟ್ ಬುಕ್ಕಿನ ಕಾರ್ಡು ಸಿಕ್ಕಿತು. ಅದನ್ನು ಹಿಡಿದಿದ್ದ ಟಿಕೆಟ್ಟಿನ ಮೇಲಿನ ಹೆಸರು ಓದಿದೆ: ಮಹದೇವಯ್ಯ, ಗಾರೆ ಕೆಲಸ. ಕೆಳಗೆ ಊರು. ಗೌತಮಿಯ ಸದಸ್ಯತ್ವದ ಅರ್ಜಿ ಮನಸ್ಸಿಗೆ ಬಂತು. ತಂದೆಯ ಹೆಸರು ಮಹದೇವಯ್ಯ. ಊರು ಅದೇ.

ಟಿಕೆಟ್ಟನ್ನು ಮಗುಚಿ ಇಟ್ಟೆ. ಯಾರು ಯಾವ ಪುಸ್ತಕ ಓದುತ್ತಿದ್ದಾರೆ ಎಂದು ಇನ್ನೊಬ್ಬರಿಗೆ ಹೇಳಬಾರದು ಎಂಬುದು ನಾನು ಪಾಲಿಸಿಕೊಂಡು ಬಂದ ನಿಯಮ, ಈಗ ಕೆಲಸಕ್ಕೆ ಬರುವವರಿಗೂ ಅದನ್ನೇ ಮೊದಲು ಹೇಳುತ್ತೇನೆ. ಆದರೆ ಸತ್ಯ ಹೇಳಬೇಕೆಂದರೆ ಅವತ್ತು ನನ್ನ ಬಾಯಿ ಕಟ್ಟಿದ್ದು ನಿಯಮವಲ್ಲ, ಹೆದರಿಕೆ. "ಯಾರೋ ಓದುಗರು ಒಯ್ದಿದ್ದಾರೆ. ಇನ್ನು ಐದು ದಿನಕ್ಕೆ ಬರುತ್ತೆ. ಬಂದ ತಕ್ಷಣ ನಿನ್ನ ಕೈಗೇ ಕೊಡ್ತೀನಿ" ಎಂದೆ. ಅವಳು ಬೆಂಚಿನ ಮೇಲೆ ಕೂತು ಅತ್ತಳು. ಸಿದ್ದಯ್ಯ ಸುಮ್ಮನೆ ಒಂದು ಲೋಟ ನೀರು ತಂದು ಅವಳ ಮುಂದಿಟ್ಟರು. ಇದರಲ್ಲಿ ತಮ್ಮದೂ ಪಾಲಿದೆ ಎಂದು ಅವರಿಗೂ ಗೊತ್ತಾಗಿತ್ತು.

ಆ ಐದು ದಿನ ನಾನು ಅನ್ನ ತಿಂದೆನೋ ಮಣ್ಣು ತಿಂದೆನೋ. ಒಂದು ಹುಡುಗಿಯ ಓದು ನನ್ನ ಅಜಾಗ್ರತೆಯಿಂದ ನಿಂತುಹೋದರೆ ನಾನು ಗ್ರಂಥಪಾಲಕಿ ಎಂದು ಹೇಳಿಕೊಳ್ಳುವುದು ಹೇಗೆ?

ಐದನೆಯ ದಿನ ಬೆಳಿಗ್ಗೆ ಮಹದೇವಯ್ಯ ಬಂದರು. ಅವರನ್ನು ನೋಡಿದ ಮೇಲೆ ಗುರುತು ಹತ್ತಿತು. ಕೆಲಸ ಸಿಗದ ದಿನಗಳಲ್ಲಿ ಬಂದು ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿ, ಮಡಿಕೆ ಸರಿಮಾಡಿ ಇಟ್ಟುಹೋಗುತ್ತಿದ್ದ ಮನುಷ್ಯ. ಬೆರಳ ಸಂದಿಯಲ್ಲಿ ಸಿಮೆಂಟು. ನೋಟ್ ಬುಕ್ಕನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು.

ತೆರೆದು ನೋಡಿದೆ. ಅಲ್ಲಲ್ಲಿ ಹಾಳೆಗಳನ್ನು ಉದ್ದಕ್ಕೆ ಮಡಚಲಾಗಿತ್ತು. ಎಷ್ಟು ಹೆದರಿದ್ದರೂ ಹುಟ್ಟುಗುಣ ಬಿಡುತ್ತದೆಯೇ, "ಪುಟ ಮಡಚಬಾರದು ಅಂತ ಬೋರ್ಡ್ ಹಾಕಿರೋದು ಕಾಣ್ಲಿಲ್ವಾ?" ಎಂದು ಗದರಿಬಿಟ್ಟೆ.

"ತೆಪ್ಪಾಯ್ತು ಕಣ್ರವ್ವ. ಅದು ಗುರ್ತಿಗೆ ಮಡಚಿದ್ದಲ್ಲ. ಆ ಹುಡ್ಗ ಹುಡ್ಗಿ ಕೈ ಕೈ ಹಿಡ್ಕಂಡು ಅದೂ ಇದೂ ಮಾತಾಡೋ ತಾವು ಬಂದಾಗ ಮಡಚಿ ಮುಂದಕ್ಕೋದೆ. ಮಗಳು ಬರ್ದಿರೋದ ಅಪ್ಪ ಆದೋನು ಎಲ್ಲಾನೂ ಓದ್ಬಾರ್ದು."

ಅವರೇ ಕುರ್ಚಿ ಎಳೆದು ಕೂತರು.

"ನಿಮಗೆ ಹ್ಯಾಗೆ ಗೊತ್ತಾಯ್ತು?"

"ಪೇಪರ್ ಓದಾದ್ಮೇಲೆ ಸುಮ್ನೆ ಕಣ್ಣಾಡಿಸ್ತಿದ್ದೆ. ಈ ರಟ್ಟು ಕಾಣ್ತು. ಒಳಗ್ ಮಗುಚ್ದೆ. ನಮ್ಮನೆ ಕ್ಯಾಲೆಂಡ್ರು ಕಣ್ರವ್ವ! ಕೆಲ್ಸಕ್ಕೋದ ದಿನಕ್ಕೆಲ್ಲ ನಾನೇ ಇದ್ಲಲ್ಲಿ ಗೀಟ್ ಹಾಕಿವ್ನಿ. ನನ್ ಗೀಟು ನಂಗ್ ಗೊತ್ತಾಗಾಕಿಲ್ವಾ? ಆಮೇಲೆ ಅಕ್ಷರ ನೋಡ್ದೆ."

"ಬೈದ್ರಾ ಅವಳಿಗೆ?"

"ಬೈಯಾಕೆ ಏನದೆ?" ಎಂದು ಅವರು ನೋಟ್ ಬುಕ್ಕಿನ ಮೇಲೆ ಕೈ ಇಟ್ಟರು. "ಮೊದ್ಲು ಒಸಿ ಸಿಟ್ಟು ಬಂತು. ಓದಕ್ ಕಳ್ಸುದ್ರೆ ಇದ ಬರ್ಕಂಡ್ ಕುಂತವಳೆ ಅಂತ. ಆಮೇಲೆ ಒಂದ್ಕಡೆ ಆ ಹುಡ್ಗಿ ಕೇಳ್ತಾಳೆ, ನಿನ್ ಊರ್ಯಾವ್ದು, ಕೇರಿ ಯಾವ್ದು ಅಂತ. ಅವ್ನು ಏಳ್ತಾನೆ, ನೀರಿಗೆ ಊರೂ ಇಲ್ಲ ಕೇರಿನೂ ಇಲ್ಲ ಅಂತ. ಅದ ಓದಿ ಒಂದ್ ಗಳ್ಗೆ ಅಂಗೇ ಕುಂತ್ಬುಟ್ಟೆ. ನಮ್ಮಪ್ಪಂಗೂ ನಂಗೂ ಕೇಳಿದ್ದು ಆ ಮಾತೇ ಅಲ್ವ್ರಾ, ಕೆಲ್ಸಕ್ಕೋದ ಕಡೆಲೆಲ್ಲ."

ಕಥೆಯನ್ನು ನಿಮಗೂ ಸ್ವಲ್ಪ ಹೇಳಬೇಕು. ನರಸೀಪುರದಲ್ಲಿ ಕಾವೇರಿ, ಕಪಿಲೆ ಸೇರುವ ಕಡೆ ಕಣ್ಣಿಗೆ ಕಾಣದ ಮೂರನೆಯ ನೀರೂ ಬಂದು ಸೇರುತ್ತದೆ ಎಂದು ನಾವೆಲ್ಲ ನಂಬಿದವರೇ. ಗೌತಮಿಯ ಹುಡುಗ ಆ ಮೂರನೆಯ ನೀರಿನವನು. ನೆರಳಿಲ್ಲ. ನಂಜನಗೂಡಿನ ಹಳೆಯ ಸೇತುವೆಯ ಕೆಳಗಿಂದ ಎದ್ದುಬಂದು ಬಸ್ ಸ್ಟ್ಯಾಂಡಿನಲ್ಲಿ, ಬಾಳೆಹಣ್ಣಿನ ಗಾಡಿಗಳ ನಡುವೆ, ಎಲ್ಲರಂತೆ ಓಡಾಡುತ್ತಾನೆ. ತಲಕಾಡಿನ ಮರಳು ಅವನ ಶತ್ರು. ನೀರನ್ನು ಕುಡಿಯುವ ಆ ಮರಳು ಒಂದೊಂದೇ ಹೆಜ್ಜೆ ಊರಿನ ಕಡೆ ಬರುತ್ತಿದೆ. ಸಂಗಮದಲ್ಲಿ ನಿಂತು ಅವನ ನಿಜವಾದ ಹೆಸರನ್ನು ಯಾರಾದರೂ ಕೂಗಿದರೆ ಅವನು ಮನುಷ್ಯನಾಗಿ ಉಳಿಯುತ್ತಾನೆ. ಆದರೆ ಕೂಗಿದವರಿಗೆ ಅವನು ಮರೆತುಹೋಗುತ್ತಾನೆ. ಹುಡುಗಿ ಮೊಣಕಾಲು ನೀರಿನಲ್ಲಿ ನಿಂತು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಭಾಗ ಒಂದು ಮುಗಿಯಿತು.

"ಮುಂದಿನ ಭಾಗ ಬಂದದಾ?" ಎಂದು ಮಹದೇವಯ್ಯ ಕೇಳಿದರು.

"ಅವಳು ಬರೆದರೆ ಬರುತ್ತೆ."

"ಅಂಗಾರೆ ಒಂದ್ ಮಾತು. ನಾನ್ ಓದ್ದೆ ಅಂತ ಅವಳ್ಗೆ ಏಳ್ಬೇಡಿ. ಅಪ್ಪ ಓದ್ತಾವ್ನೆ ಅಂದ್ರೆ ಅವಳ ಕೈ ನಿಂತೋಯ್ತದೆ. ಕತೆ ಮುಗ್ಸೋಗಂಟ ಏಳ್ಬೇಡಿ. ಮುಗುದ್ಮೇಲೆ ಏಳಿ."

ಮಾತು ಕೊಟ್ಟೆ.

ಅವರು ಹೋದ ಮೇಲೆ ಮಡಚಿದ ಹಾಳೆಗಳನ್ನೆಲ್ಲ ಬಿಡಿಸಿ, ನೋಟ್ ಬುಕ್ಕಿನ ಮೇಲೆ ದೊಡ್ಡ ನಿಘಂಟು ಹೇರಿ ಗೆರೆ ಅಡಗಿಸಿದೆ. ಮಧ್ಯಾಹ್ನ ಗೌತಮಿ ಬಂದಳು. ಹರಿದು ಒಲೆಗೆ ಹಾಕುತ್ತೇನೆ ಎಂದಳು. "ಹಾಕೋಕಾಗಲ್ಲ. ಇದಕ್ಕೆ ನಂಬರ್ ಬಿದ್ದಿದೆ. ಮೇಲಿನವರ ಆದೇಶ ಇಲ್ಲದೆ ಒಂದು ಹಾಳೆ ಹರಿದರೂ ನನ್ನ ನೌಕರಿ ಹೋಗುತ್ತೆ" ಎಂದೆ. ಅರ್ಧ ನಿಜ, ಅರ್ಧ ಉಪಾಯ. ಕೊನೆಯ ಪುಟದ ಹಿಂದೆ ಓದಿದ ಹುಡುಗಿಯರು ಪೆನ್ಸಿಲಿನಲ್ಲಿ ಗೀಚಿದ್ದನ್ನು ತೋರಿಸಿದೆ. 'ಕೂಗಬೇಡ ಕಣೇ!' ಎಂದು ಒಬ್ಬಳು. 'ಕೂಗು, ಬದುಕಲಿ ಪಾಪ' ಎಂದು ಇನ್ನೊಬ್ಬಳು. 'ಬರೆದವರೇ, ನಿಮ್ಮ ಕಾಲಿಗೆ ಬೀಳುತ್ತೇನೆ, ಮುಂದೇನಾಯ್ತು?' ಎಂದು ಮೂರನೆಯವಳು. ಹುಟ್ಟಿದಾಗಿನಿಂದ ಅಂಚಿನ ಬರಹ ಅಳಿಸಿಕೊಂಡೇ ಬಂದವಳು ನಾನು, ಅವನ್ನು ಮಾತ್ರ ಅಳಿಸಿರಲಿಲ್ಲ.

ಗೌತಮಿ ಅದನ್ನು ಎಷ್ಟು ಸಲ ಓದಿದಳೋ. "ಇವ್ರೆಲ್ಲ ಯಾರು ಮೇಡಂ?" ಎಂದಳು.

"ಹೇಳೋ ಹಾಗಿಲ್ಲ. ಓದುಗರು."

ಕಿಟಕಿಯ ಪಕ್ಕದ ಮೇಜನ್ನು ಅವಳಿಗೆ ಬಿಟ್ಟುಕೊಟ್ಟೆವು. ಕಾಲೇಜು ಬಿಟ್ಟ ಮೇಲೆ ಊರಿನ ಬಸ್ಸು ಬರುವ ತನಕ ಕೂತು ಬರೆಯುವಳು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ತಂಪಾಗುತ್ತದೆ. ಹಳೆಯ ಫ್ಯಾನಿನ ಗರಗರ, ಹೊರಗೆ ಬಸ್ಸಿನ ಕೂಗು, ಸಿದ್ದಯ್ಯನ ಚಹಾ, ಅವಳ ಪೆನ್ನಿನ ಸದ್ದು. ಏಳು ತಿಂಗಳಲ್ಲಿ ಭಾಗ ಎರಡು ಮುಗಿಯಿತು. ಈ ಸಲ ಅದನ್ನು ನಾನು ಕಣ್ಣು ಬಿಟ್ಟುಕೊಂಡೇ ದಾಖಲೆ ಪುಸ್ತಕಕ್ಕೆ ಏರಿಸಿದೆ. ಮೊದಲು ಒಯ್ದವರು ಯಾರೆಂದು ಹೇಳಬೇಕಾಗಿಲ್ಲ.

ಮುಂದಕ್ಕೆ ಹೋಗುತ್ತಲೇ ಇದ್ದ ತಪಾಸಣೆಗೆ ಕೊನೆಗೂ ಬಂದ ಅಧಿಕಾರಿ ಸರಿಯಾಗಿ ಅದೇ ಕಪಾಟಿಗೆ ಕೈ ಹಾಕಿದರು. ಸಿಡುಕು ಮನುಷ್ಯ. "ಏನ್ರೀ ಇದು? ಮಕ್ಕಳ ನೋಟ್ ಬುಕ್ಕಿಗೆಲ್ಲ ಸರ್ಕಾರದ ಮುದ್ರೆ ಒತ್ತಿದ್ದೀರಾ?"

ಸಿದ್ದಯ್ಯ ಹಿಂದಿನಿಂದ, "ಅಸ್ತಪ್ರತಿ ಸಾ" ಎಂದರು.

"ಹಸ್ತಪ್ರತಿನಾ?"

"ಹೌದು ಸಾರ್. ಸ್ಥಳೀಯ ಹಸ್ತಪ್ರತಿ. ಸಂಗ್ರಹ ಶುರು ಮಾಡಿದ್ದೀವಿ" ಎಂದೆ. ಎಲ್ಲಿಂದ ಬಂತೋ ಆ ಧೈರ್ಯ. ಅವರು ಪುಟ ತಿರುವಿದರು. ನಿಂತೇ ನಾಲ್ಕು ಪುಟ, ಕೂತು ಹತ್ತು ಪುಟ. ಮುಂದಿಟ್ಟ ಕಾಫಿ ಕೆನೆಗಟ್ಟಿತು. ಹೋಗುವಾಗ ತಪಾಸಣೆ ಪುಸ್ತಕದಲ್ಲಿ 'ಹಸ್ತಪ್ರತಿ ವಿಭಾಗದ ಪ್ರಯತ್ನ ಶ್ಲಾಘನೀಯ' ಎಂದು ಬರೆದು ರುಜು ಹಾಕಿದರು. ಸಿಡುಕು ಅಧಿಕಾರಿಗಳನ್ನು ಕಂಡು ಹೆದರಬೇಡಿ. ಅವರಿಗೂ ಮುಂದೇನಾಯಿತು ಎಂಬ ಚಪಲ ಇದ್ದೇ ಇರುತ್ತದೆ.

ಭಾಗ ಎರಡು ಮುಗಿದದ್ದು ಇನ್ನೂ ದೊಡ್ಡ ಇಕ್ಕಟ್ಟಿನಲ್ಲಿ. ಮರಳು ಹುಡುಗಿಯ ಮನೆ ಬಾಗಿಲಿಗೆ ಬಂದಿದೆ, ಹುಡುಗ ಅರ್ಧ ಕರಗಿದ್ದಾನೆ, ಹೆಸರು ಮಾತ್ರ ಇನ್ನೂ ಅವಳ ಗಂಟಲಲ್ಲಿದೆ. ಮಹದೇವಯ್ಯ ಪುಸ್ತಕ ಹಿಂತಿರುಗಿಸುತ್ತ ನಿಟ್ಟುಸಿರು ಬಿಟ್ಟರು. "ಮೂರ್ನೇದು ಬಂದೇಟ್ಗೆ ಮೊದ್ಲು ನಂಗೇ ಕೊಡ್ಬೇಕು."

ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಬೇಕಾದ ಪುಸ್ತಕ ಇಲ್ಲದಿದ್ದರೆ ಓದುಗರು ಒಂದು ಅಂಚೆ ಕಾರ್ಡಿನ ಮೇಲೆ ತಮ್ಮ ವಿಳಾಸ ಬರೆದು ನಮ್ಮ ಬಳಿ ಬಿಟ್ಟುಹೋಗುವುದು, ಪುಸ್ತಕ ಬಂದ ದಿನ ನಾವು ಅದನ್ನು ಅಂಚೆಗೆ ಹಾಕುವುದು. ಒಂದು ಕಾರ್ಡು ಕೊಟ್ಟೆ. ಸಿಮೆಂಟು ಕಚ್ಚಿದ ಬೆರಳಲ್ಲಿ ಪೆನ್ನು ಹಿಡಿದು, ನಾಲಿಗೆ ತುದಿ ಹೊರಗೆ ಹಾಕಿ, ಒಂದೊಂದೇ ಅಕ್ಷರ ಬರೆದರು: 'ಕಾಣದ ನದಿಯ ಹುಡುಗ, ಭಾಗ ಮೂರು ಬಂದ ಕೂಡಲೇ ತಿಳಿಸುವುದು.'

ಭಾಗ ಮೂರು ಬರಲಿಲ್ಲ.

ಗೌತಮಿ ಮೈಸೂರಿಗೆ ಓದಲು ಹೋದಳು. ಪದವಿ ಆಯಿತು, ಬಿ.ಎಡ್. ಆಯಿತು. ಒಮ್ಮೆ ರಜೆಯಲ್ಲಿ ಬಂದಾಗ ಕೇಳಿದೆ. ತಲೆ ತಗ್ಗಿಸಿದಳು. "ಅಪ್ಪ ಬಿಸಿಲಲ್ಲಿ ನಿಂತು ನನ್ನ ಓದಿಸ್ತಿದ್ದಾರೆ ಮೇಡಂ. ಅವರಿಗೆ ಗೊತ್ತಿಲ್ಲದ ಹಾಗೆ ಇಂಥದ್ದೆಲ್ಲ ಬರೆಯೋದು ಮೋಸ ಅನ್ಸುತ್ತೆ. ಪೆನ್ ಹಿಡಿದ್ರೆ ಅವರ ಮುಖ ಕಾಣುತ್ತೆ." ಹೇಳಿಬಿಡಲೇ? ಹೇಳಿದರೆ ಬರೆಯುತ್ತಾಳೆಯೋ, ಅವರಂದಂತೆ ಕೈ ನಿಂತೇಹೋಗುತ್ತದೆಯೋ? ಮಾತು ಕೊಟ್ಟಿದ್ದೆನಲ್ಲ. "ಕಥೆ ಸಾಯಲ್ಲ, ಕಾಯುತ್ತೆ ಬಿಡು" ಎಂದಷ್ಟೇ ಹೇಳಿ ಒಳಗೆ ಹೋದೆ. ಅವತ್ತು ನಾನು ಮಾಡಿದ್ದು ಸರಿಯೋ ತಪ್ಪೋ ನನಗೆ ಇಂದಿಗೂ ತೀರ್ಮಾನವಾಗಿಲ್ಲ.

ಸಿದ್ದಯ್ಯ ನಿವೃತ್ತರಾದರು. ಕಂಪ್ಯೂಟರ್ ಬಂತು, ಪುಸ್ತಕಗಳ ಬೆನ್ನಿಗೆ ಗೀಟು ಗೀಟಿನ ಚೀಟಿ ಬಂತು. ಕಾರ್ಡು, ಟಿಕೆಟ್ಟು, ಟ್ರೇ ಎಲ್ಲ ಗುಜರಿಗೆ ಹೋದವು. ಆ ಒಂದು ಅಂಚೆ ಕಾರ್ಡನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ. ಮತ್ತೆ ನರಸೀಪುರಕ್ಕೆ ವರ್ಗವಾದಾಗ ಅದೂ ನನ್ನ ಜೊತೆ ಬಂತು. ಬನ್ನೂರಿನ ಕಡೆ ಕಟ್ಟಡ ಕೆಲಸಕ್ಕೆ ಬಂದಾಗಲೆಲ್ಲ ಮಹದೇವಯ್ಯ ಇಳಿದು ಬಾಗಿಲಲ್ಲೇ ನಿಂತು ಹುಬ್ಬು ಹಾರಿಸುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. "ಬರ್ತದೆ ಬುಡಿ" ಎಂದು ನನಗೇ ಸಮಾಧಾನ ಹೇಳಿ ಹೋಗುತ್ತಿದ್ದರು.

ನಿವೃತ್ತಳಾದ ಮೇಲೆ ನರಸೀಪುರದಲ್ಲೇ ಮನೆ ಮಾಡಿಕೊಂಡೆ. ಗೌತಮಿಗೆ ಇಲ್ಲೇ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಹೋದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದಳು. ಕೈಯಲ್ಲಿ ಕ್ಯಾಲೆಂಡರ್ ರಟ್ಟಿನ ನೋಟ್ ಬುಕ್ಕು.

"ಮುಗಿಸ್ಬಿಟ್ಟೆ ಮೇಡಂ. ನಮ್ಮ ಎಂಟನೇ ಕ್ಲಾಸಿನ ಹುಡುಗೀರಿಗೆ ಮೊದಲೆರಡು ಭಾಗ ಬಾಯಲ್ಲಿ ಹೇಳ್ದೆ. ಮುಂದೇನು, ಮುಂದೇನು ಅಂತ ಪ್ರಾಣ ತಿಂದ್ರು. ಬರೀಲೇಬೇಕಾಯ್ತು. ನೀವೇ ಮೊದಲು ಓದಬೇಕು."

ನೋಟ್ ಬುಕ್ಕು ಕೈಗೆ ತೆಗೆದುಕೊಂಡೆ. ಎಷ್ಟು ವರ್ಷದ ಆಸೆ! ಆದರೆ ತೆರೆಯಲಿಲ್ಲ.

"ಮೊದಲು ನಾನು ಓದೋ ಹಾಗಿಲ್ಲ ಗೌತಮಿ. ಇದಕ್ಕೆ ಸರದಿ ಇದೆ. ಒಬ್ಬರು ಆವತ್ತೇ ಹೆಸರು ಬರೆಸಿ ಹೋಗಿದ್ದಾರೆ."

ಕೈಚೀಲದಿಂದ ಅಂಚೆ ಕಾರ್ಡು ತೆಗೆದು ಕೊಟ್ಟೆ. ಅಂಚು ಹಳದಿಯಾಗಿತ್ತು. ಅವಳು ಮೊದಲು ಒಕ್ಕಣೆ ಓದಿದಳು. ಕೈಬರಹ ನೋಡಿ ಹುಬ್ಬು ಗಂಟಿಕ್ಕಿದಳು. ತಿರುಗಿಸಿ ವಿಳಾಸ ಓದಿದಳು.

"ಇದು ನಮ್ಮನೆ ಅಡ್ರೆಸ್ಸು."

"ಹೌದು."

"ಅಪ್ಪನ ಅಕ್ಷರ." ಕಾರ್ಡನ್ನು ಮತ್ತೆ ಮಗುಚಿದಳು. "ಭಾಗ ಒಂದು ಓದಿದ್ರಾ?"

"ಎರಡೂ ಓದಿದ್ದಾರೆ. ಅವತ್ತು ನೀನು ಅಳ್ತಾ ಬಂದಾಗ ನೋಟ್ ಬುಕ್ ಅವರ ಹತ್ರಾನೇ ಇತ್ತು. ಮುಗಿಸೋ ತನಕ ಹೇಳ್ಬೇಡಿ ಅಂದಿದ್ರು."

ಗೌತಮಿ ನನ್ನ ಅಡುಗೆಮನೆಯ ಬಾಗಿಲಿಗೆ ಒರಗಿ, ಕಾರ್ಡನ್ನು ಎದೆಗೆ ಒತ್ತಿಕೊಂಡು, ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಆಮೇಲೆ ಕೇಳಿದೆ: "ಮನೆಗೆ ನೀನೇ ಒಯ್ದು ಕೊಡ್ತೀಯಾ?"

ಸ್ವಲ್ಪ ಯೋಚಿಸಿ ಕಣ್ಣೊರೆಸಿಕೊಂಡಳು. "ಬೇಡ ಮೇಡಂ. ನಿಮ್ಮ ಕ್ರಮ ಹೇಗಿದೆಯೋ ಹಾಗೇ ಆಗ್ಲಿ." ಇಬ್ಬರೂ ಹೋಗಿ ಅಂಚೆ ಡಬ್ಬಿಗೆ ಕಾರ್ಡು ಹಾಕಿ ಬಂದೆವು.

ನಾಲ್ಕನೆಯ ದಿನ ಮಹದೇವಯ್ಯ ನನ್ನ ಮನೆ ಹುಡುಕಿಕೊಂಡು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಮೂಗಿನ ಮೇಲೆ ಕನ್ನಡಕ. ಒಂದು ಕೈಯಲ್ಲಿ ಅಂಚೆ ಕಾರ್ಡು, ಇನ್ನೊಂದರಲ್ಲಿ ಯಾವತ್ತೋ ರದ್ದಾಗಿದ್ದ ನಮ್ಮ ಟಿಕೆಟ್ಟು. "ಬಂತು ಕಣ್ರವ್ವ" ಎಂದರು. ಟಿಕೆಟ್ಟು ಇಸಕೊಂಡು ನೋಟ್ ಬುಕ್ಕು ಕೊಟ್ಟೆ. ಹದಿನೈದು ದಿನ ಎಂದೆ. ತಲೆಯಾಡಿಸಿ, ಟವೆಲಿನಲ್ಲಿ ಸುತ್ತಿಕೊಂಡು ಹೋದರು.

ಹದಿನೈದನೆಯ ದಿನ ಹಿಂತಿರುಗಿಸಲು ಬಂದಾಗ ನಾನು ಬೇಕೆಂದೇ ಗೌತಮಿಯನ್ನೂ ಕರೆಸಿದ್ದೆ. ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಎದುರುಬದುರು ಕೂತರು. ಹುಡುಗಿ ಹೆಸರು ಕೂಗಿದಳೋ ಇಲ್ಲವೋ, ಹುಡುಗ ಉಳಿದನೋ ಇಲ್ಲವೋ ಎಂದು ನೀವು ನನ್ನನ್ನು ಕೇಳಬೇಡಿ. ಕೊನೆ ಹೇಳುವುದಿಲ್ಲ ಎಂದು ಆಣೆ ಮಾಡಿದವಳು ನಾನು. ಅಭ್ಯಾಸಬಲದಿಂದ ನೋಟ್ ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಒಂದೂ ಮಡಚಿರಲಿಲ್ಲ.

ಮಹದೇವಯ್ಯ ನನ್ನ ಕಡೆಯೇ ನೋಡುತ್ತ, ಆದರೆ ಮಗಳಿಗೆ ಕೇಳುವಂತೆ ಹೇಳಿದರು: "ಈ ಸರ್ತಿ ಯಾವ್ದನ್ನೂ ದಾಟ್ಲಿಲ್ಲ ಕಣ್ರವ್ವ. ಎಲ್ಲಾನೂ ಓದ್ದೆ."